ಗೋಡೆಯ ಫಲಕ ಇಳಿಸಿದರೆ ಸಾಕಾ? ಬಾಲ್ಟಿಮೋರ್‌ನ ಚರ್ಚೊಂದು ತನ್ನ ಹಳೇ ಲೆಕ್ಕ ತೆಗೆದ ಬಗೆ

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಬೋಲ್ಟನ್ ಹಿಲ್ ಅಂತ ಒಂದು ಹಳೇ ಬಡಾವಣೆ ಇದೆ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು, ದೊಡ್ಡ ಮರಗಳು, ಅನುಕೂಲಸ್ಥರ ವಾಸ. ಅಲ್ಲಿರುವ ಮೆಮೋರಿಯಲ್ ಎಪಿಸ್ಕೋಪಲ್ ಚರ್ಚಿನ (ಎಪಿಸ್ಕೋಪಲ್ ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯ ಅಮೆರಿಕದ ಪಂಗಡ) ಸಭೆ, ಅಂದರೆ ಅಲ್ಲಿ ಸೇರುವ ಭಕ್ತರ ಸಮುದಾಯ, 2021ರಲ್ಲಿ ಒಂದು ತೀರ್ಮಾನಕ್ಕೆ ಬಂತು. ಗುಲಾಮಗಿರಿಯಿಂದಲೂ ಅದರ ನಂತರದ ವರ್ಣಭೇದದಿಂದಲೂ ತಮ್ಮ ಚರ್ಚಿಗೆ ಲಾಭವಾಗಿದೆ, ಆದ್ದರಿಂದ ಮುಂದಿನ ಐದು ವರ್ಷದಲ್ಲಿ 5 ಲಕ್ಷ ಡಾಲರ್ ಅನ್ನು ಆ ಋಣ ತೀರಿಸುವುದಕ್ಕೆ ಕೊಡುತ್ತೇವೆ ಅಂತ. ರೆಪರೇಷನ್ಸ್ ಅಂತ ಅಲ್ಲಿನವರು ಕರೆಯುವುದು ಇದನ್ನೇ. ಮನೆ, ಶಿಕ್ಷಣ, ಪರಿಸರ ಮುಂತಾದ ವಿಷಯಗಳಲ್ಲಿ ಕಪ್ಪು ಜನರ ನಡುವೆ ಕೆಲಸ ಮಾಡುವ ಸ್ಥಳೀಯ ಸಂಘಟನೆಗಳಿಗೆ ಈ ಹಣ ಹೋಗಬೇಕು ಅನ್ನುವುದು ಲೆಕ್ಕಾಚಾರ.

ಅಮೆರಿಕದಲ್ಲಿ ಇಂಥ ಘೋಷಣೆ ಮಾಡಿದ ಚರ್ಚುಗಳು ಇನ್ನೂ ಇವೆ. ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಮೊತ್ತ ಹೇಳಿದವರೂ ಇದ್ದಾರೆ. ಆದರೂ ಈ ಸಣ್ಣ ಸಭೆಯ ಕಥೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ವರ್ಣಭೇದದ ವಿರುದ್ಧ ಚರ್ಚುಗಳು ಮಾಡುವ ಕೆಲಸ ಎಲ್ಲಿ ಗಟ್ಟಿಯಾಗುತ್ತದೆ, ಎಲ್ಲಿ ಬರೀ ಮಾತಾಗಿ ಉಳಿಯುತ್ತದೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣಿಸುತ್ತದೆ. "ನಮ್ಮ ಸಮಾಜ ತಪ್ಪು ಮಾಡಿತು" ಅನ್ನುವವರೆಗೆ ಯಾರಿಗೂ ಏನೂ ಆಗುವುದಿಲ್ಲ. "ಈ ವಿಳಾಸದಲ್ಲಿರುವ ನಾವು, ಇಂಥವರ ದುಡಿಮೆಯಿಂದ, ಇಷ್ಟು ಪಡೆದೆವು" ಅಂತ ಹೇಳಿದಾಗಲೇ ಕುರ್ಚಿಗಳು ಅಲುಗಾಡುವುದು.

ಈ ಚರ್ಚು ಹುಟ್ಟಿದ್ದು 1860ರ ದಶಕದಲ್ಲಿ. ಆಗ ಅಮೆರಿಕದಲ್ಲಿ ಅಂತರ್ಯುದ್ಧದ ಕಾಲ. ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ವಿಚಿತ್ರ ಸ್ಥಿತಿಯಲ್ಲಿದ್ದ ರಾಜ್ಯ. ಅಲ್ಲಿ ಗುಲಾಮಗಿರಿ ಇತ್ತು, ಆದರೆ ರಾಜ್ಯ ಒಕ್ಕೂಟ ಬಿಟ್ಟು ಹೋಗಲಿಲ್ಲ. ಹಾಗಾಗಿ ದಕ್ಷಿಣದ ಬಂಡಾಯ ರಾಜ್ಯಗಳ ಗುಲಾಮರು ಬಿಡುಗಡೆ ಅಂತ ಲಿಂಕನ್ 1863ರಲ್ಲಿ ಹೊರಡಿಸಿದ ಘೋಷಣೆ ಮೇರಿಲ್ಯಾಂಡ್‌ಗೆ ಅನ್ವಯಿಸಲೇ ಇಲ್ಲ. 1864ರ ನವೆಂಬರ್ 1ರಂದು ರಾಜ್ಯದ ಹೊಸ ಸಂವಿಧಾನ ಜಾರಿಗೆ ಬಂದ ಮೇಲೆಯೇ ಅಲ್ಲಿನ ಗುಲಾಮರಿಗೆ ಬಿಡುಗಡೆ.

ಚರ್ಚಿನ ಮೊದಲ ಸಭಾಪಾಲಕರ ಹೆಸರು ಚಾರ್ಲ್ಸ್ ರಿಡ್ಜ್‌ಲಿ ಹೊವರ್ಡ್. ನಡುವಿನ ಆ ರಿಡ್ಜ್‌ಲಿ ಅನ್ನುವ ಹೆಸರು ಬಾಲ್ಟಿಮೋರ್ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಗರದ ಉತ್ತರಕ್ಕೆ ಟೌಸನ್ ಬಳಿ ಇರುವ ಹ್ಯಾಂಪ್ಟನ್ ಎಸ್ಟೇಟು ಈ ರಿಡ್ಜ್‌ಲಿ ಮನೆತನದ್ದು. 1790ರಲ್ಲಿ ಕಟ್ಟಿ ಮುಗಿದಾಗ ಅಲ್ಲಿನ ಬಂಗಲೆ ಅಮೆರಿಕದ ಅತಿ ದೊಡ್ಡ ಖಾಸಗಿ ಮನೆಗಳಲ್ಲಿ ಒಂದು. ಹೊಲ, ತೋಟ, ಕುದುರೆ ಲಾಯ, ಕಬ್ಬಿಣದ ಕುಲುಮೆ ಎಲ್ಲಾ ಇತ್ತು. ಆಸ್ತಿ ತುಟ್ಟತುದಿಯಲ್ಲಿದ್ದಾಗ 300ಕ್ಕೂ ಜಾಸ್ತಿ ಗುಲಾಮರು ಅಲ್ಲಿ ದುಡಿಯುತ್ತಿದ್ದರು. ಮನೆತನದ ಚಾರ್ಲ್ಸ್ ಕಾರ್ನನ್ ರಿಡ್ಜ್‌ಲಿ 1816ರಿಂದ 1819ರವರೆಗೆ ರಾಜ್ಯದ ಗವರ್ನರ್ ಕೂಡ ಆಗಿದ್ದರು. ಇವತ್ತು ಆ ಬಂಗಲೆ ರಾಷ್ಟ್ರೀಯ ಸ್ಮಾರಕ. ಅದಕ್ಕೆ 1948ರಲ್ಲಿ ಆ ಮಾನ್ಯತೆ ಸಿಕ್ಕಿದ್ದು ಕಟ್ಟಡದ ಚೆಂದಕ್ಕಾಗಿ. ಆ ಚೆಂದದ ಹಿಂದೆ ದುಡಿದವರ ಮಾತು ಬಂದದ್ದು ಎಷ್ಟೋ ವರ್ಷ ಆದಮೇಲೆ.

ಹೊವರ್ಡ್ ಆದ ಮೇಲೆ ಬಂದ ಸಭಾಪಾಲಕರು ವಿಲಿಯಂ ಮೀಡ್ ಡೇಮ್. ಇವರು ಗುಲಾಮಗಿರಿ ಉಳಿಸಲು ಹೋರಾಡಿದ ಕಾನ್‌ಫೆಡರೇಟ್ ಸೇನೆಯಲ್ಲಿ ಸೈನಿಕರಾಗಿದ್ದವರು. ಇಬ್ಬರ ನೆನಪಿಗೂ ಚರ್ಚಿನೊಳಗೆ ಫಲಕ ಹಾಕಿದ್ದರು. ಭಾನುವಾರ ಬಂದವರು ಅದರ ಪಕ್ಕದಲ್ಲೇ ಕೂತು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಯಾರೂ ಅದನ್ನು ಕಣ್ಣಿಟ್ಟು ಓದುತ್ತಿರಲಿಲ್ಲ ಅಂತ ಕಾಣುತ್ತದೆ.

ಓದುವ ಹಾಗೆ ಮಾಡಿದ್ದು ಒಬ್ಬ ಮಹಿಳೆ. ಆ ಸಭೆಯಲ್ಲಿ ಡೀಕನ್ ಆಗಿ, ಅಂದರೆ ಆರಾಧನೆಯಲ್ಲಿ ಪಾದ್ರಿಗೆ ನೆರವಾಗುವ ದೀಕ್ಷಿತಳಾಗಿ, ಸೇವೆ ಮಾಡುತ್ತಿದ್ದ ಕಪ್ಪು ಮಹಿಳೆ. ತಮ್ಮ ಮನೆತನದ ಬೇರು ಹುಡುಕುತ್ತಾ ಹೋದಾಗ, ತಮ್ಮ ಪೂರ್ವಿಕರು ಅದೇ ಹ್ಯಾಂಪ್ಟನ್ ಎಸ್ಟೇಟಿನಲ್ಲಿ ಗುಲಾಮರಾಗಿದ್ದರು ಅನ್ನುವುದು ಅವರಿಗೆ ಗೊತ್ತಾಯಿತು. ಒಂದು ಕ್ಷಣ ಯೋಚನೆ ಮಾಡಿ. ಬಲಿಪೀಠದ ಹತ್ತಿರ ನಿಂತು ಜನರಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕೈ ಅದು. ಅದೇ ಗೋಡೆಯ ಮೇಲೆ ತನ್ನ ಅಜ್ಜ ಮುತ್ತಜ್ಜಂದಿರನ್ನು ಆಸ್ತಿಪಟ್ಟಿಯಲ್ಲಿ ಬರೆದುಕೊಂಡಿದ್ದ ಮನೆತನದವರ ಹೊಗಳಿಕೆ. ಅಲ್ಲಿಯವರೆಗೆ ಪುಸ್ತಕದೊಳಗಿದ್ದ ಇತಿಹಾಸ ಈಗ ಎಲ್ಲರಿಗೂ ಪರಿಚಯ ಇರುವ, ಪ್ರತಿ ವಾರ ಕೈ ಕುಲುಕುವ ಒಬ್ಬ ಮನುಷ್ಯಳದ್ದಾಯಿತು. ಸಭೆಯವರು ಒಟ್ಟಿಗೆ ಹ್ಯಾಂಪ್ಟನ್‌ಗೆ ಹೋಗಿ ಬಂದರು, ಅಲ್ಲಿ ಪ್ರಾರ್ಥನೆ ಮಾಡಿದರು. ಮುಂದೆ ಫಲಕಗಳನ್ನು ಗೋಡೆಯಿಂದ ಇಳಿಸಿದರು. ಹಣದ ತೀರ್ಮಾನವೂ ಬಂತು.

ಈ ಅನುಕ್ರಮ ನನಗೆ ಬಹಳ ಮುಖ್ಯ ಅನಿಸುತ್ತದೆ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರನ್ನು ಪೊಲೀಸ್ ಅಧಿಕಾರಿ ಕುತ್ತಿಗೆ ಮೇಲೆ ಮಂಡಿಯೂರಿ ಕೊಂದ ಮೇಲೆ ಅಮೆರಿಕದ ಬಹಳಷ್ಟು ಚರ್ಚುಗಳು ಎಚ್ಚೆತ್ತವು. ಹೇಳಿಕೆ ಹೊರಡಿಸಿದರು. ಬಾಗಿಲಿಗೆ ಬ್ಯಾನರ್ ಕಟ್ಟಿದರು. ವಾರಕ್ಕೊಮ್ಮೆ ಜೂಮ್‌ನಲ್ಲಿ ಕೂತು ಪುಸ್ತಕ ಓದಿ ಚರ್ಚೆ ಮಾಡಿದರು. ಇದನ್ನೆಲ್ಲಾ ನಾನು ಹಗುರವಾಗಿ ನೋಡುವುದಿಲ್ಲ, ಕಲಿಯದೆ ಯಾರೂ ಬದಲಾಗುವುದಿಲ್ಲ. ಆದರೆ ಆ ಓದು ಅಲ್ಲಿಗೇ ನಿಂತರೆ ಅದರ ಭಾರ ಬೀಳುವುದು ಸಭೆಯಲ್ಲಿರುವ ನಾಲ್ಕಾರು ಕಪ್ಪು ಸದಸ್ಯರ ಮೇಲೆ. ಪ್ರತಿ ಸಲ ತಮ್ಮ ನೋವಿನ ಕಥೆ ಅವರೇ ಹೇಳಬೇಕು. ಕೇಳಿ ಕಣ್ಣೀರು ಹಾಕಿದ ಬಿಳಿಯರನ್ನು ಅವರೇ ಸಮಾಧಾನ ಮಾಡಬೇಕು. ಮುಂದಿನ ವರ್ಷ ಹೊಸ ಪುಸ್ತಕ, ಮತ್ತೆ ಅದೇ ಕಥೆ. ಸುಸ್ತಾಗಿ ಅವರು ಬರುವುದನ್ನೇ ನಿಲ್ಲಿಸಿದರೆ ಅಚ್ಚರಿ ಏನಿದೆ?

ಈಗ ಚರ್ಚಿನ ಗೋಡೆ ಬಿಟ್ಟು ಬೀದಿಗೆ ಬರೋಣ. ಗುಲಾಮಗಿರಿ ಮುಗಿದು ನೂರೈವತ್ತು ವರ್ಷ ಆಯಿತಲ್ಲ, ಈಗ ಯಾಕೆ ಇದೆಲ್ಲಾ ಅಂತ ಕೇಳುವವರಿಗೆ ಉತ್ತರ ಇರುವುದು ಅಲ್ಲೇ.

1910ರಲ್ಲಿ ಜಾರ್ಜ್ ಮೆಕ್‌ಮೆಕೆನ್ ಅನ್ನುವ ಕಪ್ಪು ವಕೀಲರು ಮೆಕ್‌ಕಲೋ ಸ್ಟ್ರೀಟಿನ 1834ನೇ ನಂಬರ್ ಮನೆಗೆ ಸಂಸಾರ ಸಮೇತ ಬಂದರು. ಯೇಲ್‌ನಲ್ಲಿ ಕಾನೂನು ಓದಿದವರು. ಬೋಲ್ಟನ್ ಹಿಲ್‌ನಿಂದ ಕೆಲವೇ ಬೀದಿ ಆಚೆ ಆ ಮನೆ. ಅಷ್ಟಕ್ಕೇ ಅಕ್ಕಪಕ್ಕದ ಬಿಳಿಯರು ರೊಚ್ಚಿಗೆದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ನಗರಸಭೆ ಒಂದು ಕಾನೂನು ಮಾಡಿತು, ಮೇಯರ್ ಜೆ. ಬ್ಯಾರಿ ಮಹೂಲ್ ಸಹಿ ಹಾಕಿದರು. ಬಿಳಿಯರು ಅರ್ಧಕ್ಕಿಂತ ಜಾಸ್ತಿ ಇರುವ ಬೀದಿಗೆ ಕಪ್ಪು ಜನ ಹೊಸದಾಗಿ ವಾಸಕ್ಕೆ ಬರುವ ಹಾಗಿಲ್ಲ, ಹಾಗೇ ಆ ಕಡೆಯಿಂದ ಈ ಕಡೆಗೂ. ಬಣ್ಣ ನೋಡಿ ಬೀದಿ ಬೀದಿಯನ್ನೇ ಹಂಚಿದ ಇಂಥ ಕಾನೂನು ಅಮೆರಿಕದಲ್ಲಿ ಇದೇ ಮೊದಲು. ಬೇರೆ ಊರುಗಳು ನೋಡಿ ನಕಲು ಮಾಡಿದವು. 1917ರಲ್ಲಿ ಲೂಯಿವಿಲ್ ನಗರದ ಅಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಬಾಲ್ಟಿಮೋರ್‌ನದ್ದೂ ಬಿದ್ದುಹೋಯಿತು.

ಕಾನೂನು ಬಿದ್ದರೂ ಬಯಕೆ ಬೀಳಲಿಲ್ಲ. ಕಪ್ಪು ಜನರಿಗೆ ಮನೆ ಮಾರುವುದಿಲ್ಲ ಅಂತ ಬಿಳಿ ಮಾಲೀಕರೇ ಕರಾರುಪತ್ರ ಬರೆದುಕೊಂಡರು. 1948ರವರೆಗೂ ಕೋರ್ಟುಗಳು ಅದನ್ನು ಜಾರಿ ಮಾಡುತ್ತಿದ್ದವು. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ನಗರದ ನಕ್ಷೆ ಮಾಡಿಸಿ ಕಪ್ಪು ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಅಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಅರ್ಥ. ಬಿಳಿಯರ ಬೀದಿಯ ಮನೆಗೆ ಬ್ಯಾಂಕ್ ಸಾಲ ಸಿಕ್ಕಿತು, ಬೆಲೆ ಏರಿತು, ಮಕ್ಕಳ ಕಾಲೇಜಿಗೆ ಅದೇ ಮನೆ ಆಧಾರವಾಯಿತು, ತೀರಿಕೊಂಡವರ ವಿಲ್ಲಿನಲ್ಲಿ ಚರ್ಚಿಗೂ ಒಂದು ಪಾಲು ಬಂತು. ನಾಲ್ಕು ಬೀದಿ ಆಚೆ ಇದ್ಯಾವುದೂ ಆಗಲಿಲ್ಲ. 2015ರ ಏಪ್ರಿಲ್‌ನಲ್ಲಿ ಪೊಲೀಸ್ ವಶದಲ್ಲಿ ಪೆಟ್ಟಾಗಿ ತೀರಿಕೊಂಡ 25ರ ಹುಡುಗ ಫ್ರೆಡ್ಡಿ ಗ್ರೇ ಬೆಳೆದದ್ದು ಸ್ಯಾಂಡ್‌ಟೌನ್‌ನಲ್ಲಿ. ಬೋಲ್ಟನ್ ಹಿಲ್‌ನಿಂದ ನಡೆದೇ ಹೋಗುವಷ್ಟು ದೂರ ಅದು.

ಚರ್ಚಿನ ಮೂಲನಿಧಿ ಅನ್ನುವುದು ಇಂಥ ಊರಿನಲ್ಲಿ ಬೆಳೆದ ಹಣ. ಗುಲಾಮರ ಒಡೆಯ ಕೊಟ್ಟ ಕಾಣಿಕೆ ಅಂದೇ ಖರ್ಚಾಗಿ ಹೋಗಿರಬಹುದು, ಆದರೆ ಕಟ್ಟಡ ಇದೆ, ಜಾಗ ಇದೆ, ಬಡ್ಡಿ ಇದೆ. "ನಮ್ಮ ತಾತ ಗುಲಾಮರನ್ನು ಇಟ್ಟುಕೊಂಡಿರಲಿಲ್ಲ, ನಾನು ಮೊನ್ನೆ ಮೊನ್ನೆ ಈ ಸಭೆಗೆ ಸೇರಿದವನು, ನಾನ್ಯಾಕೆ ಕೊಡಬೇಕು?" ಅನ್ನುವ ಆಕ್ಷೇಪ ಎಲ್ಲಾ ಕಡೆ ಬರುತ್ತದೆ. ಪ್ರಾಮಾಣಿಕವಾದ ಪ್ರಶ್ನೆಯೇ. ಆದರೆ ಸಭೆ ಅನ್ನುವುದು ಒಬ್ಬ ವ್ಯಕ್ತಿ ಅಲ್ಲ. ಆ ದಿನ ಹಣ ತೆಗೆದುಕೊಂಡದ್ದೂ ಸಭೆಯೇ, ಇವತ್ತು ಅದರ ಬಡ್ಡಿಯಲ್ಲಿ ಸೂರು ರಿಪೇರಿ ಮಾಡಿಸುತ್ತಿರುವುದೂ ಅದೇ ಸಭೆ. ಅಪ್ಪನ ಆಸ್ತಿ ಬೇಕು, ಸಾಲ ಬೇಡ ಅಂದರೆ ನಡೆಯುತ್ತದಾ? ನಮ್ಮೂರಿನ ಯಾವ ಪಂಚಾಯಿತಿಯೂ ಒಪ್ಪುವ ಮಾತಲ್ಲ ಅದು.

ಕ್ರೈಸ್ತರಿಗೆ ಈ ವಾದ ಹೊಸದೂ ಅಲ್ಲ. ಲೂಕನ ಸುವಾರ್ತೆಯ ಜಕ್ಕಾಯನ ಪ್ರಸಂಗ ಭಾನುವಾರದ ಶಾಲೆಗೆ ಹೋದ ಮಕ್ಕಳಿಗೂ ಗೊತ್ತು. ಸುಂಕದವನು, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವನು. ಮಕ್ಕಳಿಗೆ ಮರದ ಭಾಗ ಇಷ್ಟ. ಆದರೆ ಅವನು ಕೆಳಗೆ ಇಳಿದು ಬಂದ ಮೇಲೆ ಹೇಳಿದ್ದು, ನಾನು ಯಾರಿಂದಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ವಾಪಸ್ ಕೊಡುತ್ತೇನೆ ಅಂತ. ಕ್ಷಮೆ ಕೇಳುವುದು, ಕೊಡುವುದು ಎರಡೂ ಅಲ್ಲಿ ಒಂದೇ ಉಸಿರಿನಲ್ಲಿವೆ. ಎಪಿಸ್ಕೋಪಲ್ ಸಭೆ ರಾಷ್ಟ್ರಮಟ್ಟದಲ್ಲಿ ಗುಲಾಮಗಿರಿಗಾಗಿ ಕ್ಷಮೆ ಕೇಳುವ ನಿರ್ಣಯ ಮಾಡಿದ್ದು 2006ರಲ್ಲಿ. 2008ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಪಶ್ಚಾತ್ತಾಪದ ಆರಾಧನೆಯೂ ಆಯಿತು. ಕೊಡುವ ಮಾತು ಬರಲು ಇನ್ನೂ ಹತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು.

ಮೇರಿಲ್ಯಾಂಡ್ ಧರ್ಮಪ್ರಾಂತದಲ್ಲಿ, ಅಂದರೆ ಒಬ್ಬ ಬಿಷಪ್ ಕೈಕೆಳಗಿನ ಚರ್ಚುಗಳ ಪ್ರದೇಶದಲ್ಲಿ, ಆ ಮಾತನ್ನು ಗಟ್ಟಿಯಾಗಿ ಎತ್ತಿದವರು ಬಿಷಪ್ ಯುಜೀನ್ ಟೇಲರ್ ಸಟನ್. ಅಲ್ಲಿನ ಮೊದಲ ಕಪ್ಪು ಬಿಷಪ್. ಅದೇ ಧರ್ಮಪ್ರಾಂತದ ಮೊಟ್ಟಮೊದಲ ಬಿಷಪ್ ಥಾಮಸ್ ಕ್ಲ್ಯಾಗೆಟ್ ಸ್ವತಃ ಗುಲಾಮರ ಒಡೆಯರು. 2019ರ ಜೂನ್ 19ರಂದು ಸಟನ್ ಅಮೆರಿಕ ಸಂಸತ್ತಿನ ಉಪಸಮಿತಿಯ ಮುಂದೆ ಹಾಜರಾಗಿ ಈ ಋಣ ತೀರಿಸಬೇಕು ಅನ್ನುವುದರ ಪರವಾಗಿ ಮಾತಾಡಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಧರ್ಮಪ್ರಾಂತದ ಸಮಾವೇಶ ದೊಡ್ಡ ಬಹುಮತದಿಂದ 10 ಲಕ್ಷ ಡಾಲರ್ ನಿಧಿಗೆ ಒಪ್ಪಿಗೆ ಕೊಟ್ಟಿತು. ಮೆಮೋರಿಯಲ್ ಸಭೆಯ ತೀರ್ಮಾನ ಅದರ ಬೆನ್ನಲ್ಲೇ ಬಂದದ್ದು. ಇಡೀ ಧರ್ಮಪ್ರಾಂತದ ಮೊತ್ತ 10 ಲಕ್ಷ, ಒಂದೇ ಸಭೆಯದು 5 ಲಕ್ಷ. ಆ ಹೋಲಿಕೆಯಲ್ಲಿ ಸಣ್ಣ ಸಭೆಯ ಧೈರ್ಯ ಗೊತ್ತಾಗುತ್ತದೆ.

ಆದರೆ ಹಣ ತೆಗೆದಿಟ್ಟ ಕೂಡಲೇ ಎಲ್ಲಾ ಸರಿಹೋಗುವುದಿಲ್ಲ. ಅಸಲಿ ಪ್ರಶ್ನೆ, ಅದು ಯಾರ ಕೈಗೆ, ಯಾರ ಮಾತಿನ ಮೇಲೆ ಹೋಗುತ್ತದೆ ಅನ್ನುವುದು. ಸಭೆಯವರೇ ಅರ್ಜಿ ಕರೆದು, ಸಭೆಯವರೇ ಆರಿಸಿ, ಚೆಕ್ ಕೊಡುವಾಗ ಫೋಟೋ ತೆಗೆಸಿಕೊಂಡರೆ ಅದಕ್ಕೂ ದಾನಕ್ಕೂ ಏನು ವ್ಯತ್ಯಾಸ? ಸಾಲ ತೀರಿಸುವವನು ಸಾಲ ಕೊಟ್ಟವನಿಗೆ ದುಡ್ಡನ್ನು ಹೀಗೇ ಖರ್ಚು ಮಾಡು ಅಂತ ಷರತ್ತು ಹಾಕುವುದಿಲ್ಲ.

ಈ ವಿಷಯದಲ್ಲಿ ವರ್ಜೀನಿಯಾ ಥಿಯಲಾಜಿಕಲ್ ಸೆಮಿನರಿಯ ದಾರಿ ನನಗೆ ಹೆಚ್ಚು ನೇರ ಅನಿಸುತ್ತದೆ. ಪಾದ್ರಿಗಳನ್ನು ತಯಾರು ಮಾಡುವ ಈ ಎಪಿಸ್ಕೋಪಲ್ ಶಾಲೆ ಶುರುವಾದದ್ದು 1823ರಲ್ಲಿ. ಗುಲಾಮರು ಅಲ್ಲಿ ದುಡಿದಿದ್ದರು. ಮೊದಲ ಕಪ್ಪು ವಿದ್ಯಾರ್ಥಿಗೆ ಪ್ರವೇಶ ಸಿಕ್ಕಿದ್ದು 1951ರಲ್ಲಿ! 2019ರಲ್ಲಿ ಅವರು 17 ಲಕ್ಷ ಡಾಲರ್ ನಿಧಿ ಇಟ್ಟು, ಹಳೇ ದಾಖಲೆ ಕೆದಕಿ ಯಾರು ಯಾರು ಅಲ್ಲಿ ದುಡಿದರು, ಅವರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಅಂತ ಹುಡುಕತೊಡಗಿದರು. ಗುಲಾಮಗಿರಿಯ ಕಾಲದವರಷ್ಟೇ ಅಲ್ಲ, ಅದಾದ ಮೇಲಿನ ವರ್ಣಭೇದದ ಕಾಲದಲ್ಲಿ ಅಡುಗೆಮನೆಯಲ್ಲಿ, ತೋಟದಲ್ಲಿ ಕಡಿಮೆ ಕೂಲಿಗೆ ದುಡಿದವರೂ ಲೆಕ್ಕಕ್ಕೆ ಬಂದರು. 2021ರಿಂದ ಆ ವಂಶಸ್ಥರಿಗೆ ವರ್ಷಕ್ಕೆ ಸುಮಾರು 2,100 ಡಾಲರ್ ನಗದಾಗಿ ಕೊಡಲು ಶುರುಮಾಡಿದರು. ದೊಡ್ಡ ಮೊತ್ತ ಅಲ್ಲ. ಆದರೆ ಹೆಸರಿಗೆ ಹೆಸರು, ಕೈಗೆ ಕೈ. ಏನು ಮಾಡುತ್ತೀರಿ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಕಡೆ ಕ್ಯಾಥೊಲಿಕ್ ಪಾದ್ರಿಗಳ ಸಂಘವಾದ ಜೆಸ್ವಿಟರ ಉದಾಹರಣೆ ಇದೆ. 1838ರಲ್ಲಿ ಮೇರಿಲ್ಯಾಂಡ್‌ನ ಜೆಸ್ವಿಟ್ ಪಾದ್ರಿಗಳು ತಮ್ಮ ತೋಟಗಳಲ್ಲಿದ್ದ 272 ಗುಲಾಮರನ್ನು 1,15,000 ಡಾಲರಿಗೆ ಲೂಸಿಯಾನಾಕ್ಕೆ ಮಾರಿದ್ದರು. ಆ ಹಣದ ಒಂದು ಪಾಲು ಜಾರ್ಜ್‌ಟೌನ್ ವಿಶ್ವವಿದ್ಯಾಲಯವನ್ನು ಸಾಲದಿಂದ ಉಳಿಸಿತು. 2021ರಲ್ಲಿ ಜೆಸ್ವಿಟರು 10 ಕೋಟಿ ಡಾಲರ್ ಕೂಡಿಸುವುದಾಗಿ ಮಾತು ಕೊಟ್ಟರು. ಎಲ್ಲಾ ಪತ್ರಿಕೆಗಳ ಮುಖಪುಟಕ್ಕೆ ಬಂತು. ಮರುವರ್ಷವೇ ವಂಶಸ್ಥರ ಮುಖಂಡರು, ಹಣ ಬರುವ ವೇಗ ನೋಡಿದರೆ ಭರವಸೆ ಹುಟ್ಟುತ್ತಿಲ್ಲ ಅಂತ ಬಹಿರಂಗವಾಗಿ ಹೇಳಬೇಕಾಯಿತು.

ಹಣದ ಮಾತು ಬಂದಾಗ ನನಗೆ ತುಂಬಾ ಇಷ್ಟವಾದ ಪ್ರಯತ್ನ ಒಂದಿದೆ. ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನ ಯುನೈಟೆಡ್ ಪ್ಯಾರಿಷ್ ಅನ್ನುವ ಸಭೆ, ಹೆಚ್ಚಾಗಿ ಬಿಳಿಯರೇ ಇರುವ ಸಭೆ. ಗುಲಾಮರು ಹೊಲಗಳಲ್ಲಿ, ಕತ್ತಲ ಕೂಟಗಳಲ್ಲಿ ಕಟ್ಟಿದ ಭಕ್ತಿಗೀತೆಗಳನ್ನು ಅಮೆರಿಕದ ಎಲ್ಲಾ ಚರ್ಚುಗಳೂ ಹಾಡುತ್ತವೆ. ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಬೇರೆ ಹಾಡಾದರೆ ಕವಿಗೆ, ಸಂಗೀತಗಾರನಿಗೆ, ಪ್ರಕಾಶಕನಿಗೆ ರಾಯಲ್ಟಿ ಹೋಗುತ್ತದೆ. ಈ ಹಾಡುಗಳಿಗೆ ಮಾತ್ರ ಏನೂ ಇಲ್ಲ, ಯಾಕೆಂದರೆ ಕಟ್ಟಿದವರೇ ಇನ್ನೊಬ್ಬರ ಆಸ್ತಿಯಾಗಿದ್ದರು. 2021ರ ಅಕ್ಟೋಬರಿನಿಂದ ಈ ಸಭೆ ಒಂದು ಪದ್ಧತಿ ಇಟ್ಟುಕೊಂಡಿತು. ಆರಾಧನೆಯಲ್ಲಿ ಅಂಥ ಹಾಡು ಹಾಡಿದ ಭಾನುವಾರ ರಾಯಲ್ಟಿ ಅಂತಲೇ ಬೇರೆ ಕಾಣಿಕೆ ಎತ್ತುವುದು. ಆ ಹಣ ರಾಕ್ಸ್‌ಬರಿಯ ಹ್ಯಾಮಿಲ್ಟನ್-ಗ್ಯಾರೆಟ್ ಅನ್ನುವ ಸಂಗೀತ ಶಾಲೆಗೆ ಹೋಗುತ್ತದೆ, ಅಲ್ಲಿ ಕಪ್ಪು ಮಕ್ಕಳು ಅದೇ ಪರಂಪರೆಯ ಸಂಗೀತ ಕಲಿಯುತ್ತಾರೆ. ಇದರ ಚೆಲುವು ಏನಪ್ಪಾ ಅಂದರೆ, ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಾಡಿದಾಗೆಲ್ಲ ಕೊಡಬೇಕು. ಕೊಡುವಾಗ, ಈ ಹಾಡು ನಮ್ಮ ಬಾಯಿಗೆ ಎಲ್ಲಿಂದ ಬಂತು ಅಂತ ನೆನಪಾಗಲೇಬೇಕು.

ಇಷ್ಟೆಲ್ಲಾ ಆದರೂ ಒಂದು ಮಾತು ಬಾಕಿ ಉಳಿಯುತ್ತದೆ. ಬಾಲ್ಟಿಮೋರ್‌ನಲ್ಲೇ ಸೇಂಟ್ ಜೇಮ್ಸ್ ಅನ್ನುವ ಇನ್ನೊಂದು ಎಪಿಸ್ಕೋಪಲ್ ಚರ್ಚಿದೆ. 1824ರಲ್ಲಿ ವಿಲಿಯಂ ಲೆವಿಂಗ್ಟನ್ ಎಂಬ ಕಪ್ಪು ಪಾದ್ರಿ ಶುರುಮಾಡಿದ್ದು. ಮೆಮೋರಿಯಲ್ ಚರ್ಚಿಗಿಂತ ನಲವತ್ತು ವರ್ಷ ಹಳೆಯದು. ಅದೇ ಪ್ರಾರ್ಥನಾ ಪುಸ್ತಕ, ಅದೇ ಬಿಷಪ್, ಅದೇ ಊರು. ಆದರೂ ಎರಡು ಸಭೆ ಯಾಕೆ ಬೇಕಾಯಿತು? ಬಿಳಿಯರ ಚರ್ಚುಗಳಲ್ಲಿ ಕಪ್ಪು ಜನ ಮಹಡಿಯ ಮೂಲೆಯಲ್ಲಿ ಕೂರಬೇಕಿತ್ತು, ರೊಟ್ಟಿ ಕೊನೆಗೆ ತೆಗೆದುಕೊಳ್ಳಬೇಕಿತ್ತು. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಪ್ರಾರ್ಥನೆಗೆ ಮಂಡಿಯೂರಿದ್ದವರನ್ನೇ ಎಬ್ಬಿಸಲು ಹೋದಾಗ ರಿಚರ್ಡ್ ಆಲನ್, ಅಬ್ಸಲೊಮ್ ಜೋನ್ಸ್ ಮತ್ತು ಸಂಗಡಿಗರು ಎದ್ದು ಹೊರಟುಹೋದರು. ಆಲನ್ ಮುಂದೆ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯನ್ನೇ ಕಟ್ಟಿದರು. ಭಾನುವಾರ ಬೆಳಗಿನ ಹನ್ನೊಂದು ಗಂಟೆ ಅಮೆರಿಕದ ಅತಿ ಹೆಚ್ಚು ಬೇರ್ಪಟ್ಟ ಹೊತ್ತು ಅಂತ ಮಾರ್ಟಿನ್ ಲೂಥರ್ ಕಿಂಗ್ ಹೇಳುತ್ತಿದ್ದರು. ಇವತ್ತಿಗೂ ಅದು ಬಹಳ ಮಟ್ಟಿಗೆ ನಿಜ. ಬಿಳಿಯರ ಸಭೆಗಳು ಇದಕ್ಕೆ ಕಂಡುಕೊಳ್ಳುವ ಪರಿಹಾರ, ಕಪ್ಪು ಜನ ನಮ್ಮಲ್ಲಿಗೆ ಬರಲಿ ಅನ್ನುವುದು. ತಮ್ಮದೇ ಆಸರೆ ಕಟ್ಟಿಕೊಂಡವರು ಅದನ್ನು ಬಿಟ್ಟು ಯಾಕೆ ಬರಬೇಕು? ಬಿಳಿಯರೇ ಅಲ್ಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುವುದು ಹೆಚ್ಚು ಉಪಯೋಗದ ಕೆಲಸ ಅಂತ ನನ್ನ ಅಭಿಪ್ರಾಯ.

ಕನ್ನಡಿಗರಿಗೆ ಇದು ದೂರದ ಕಥೆ ಅನಿಸಬಹುದು. ವಾಷಿಂಗ್ಟನ್, ಬಾಲ್ಟಿಮೋರ್ ಸುತ್ತ ನಮ್ಮವರು ಸಾಕಷ್ಟು ಜನ ಇದ್ದಾರೆ. ಏಷ್ಯಾದವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ಕಪ್ಪು ಚರ್ಚುಗಳಲ್ಲಿ ಬೆಳೆದ ನಾಗರಿಕ ಹಕ್ಕು ಚಳವಳಿ ತಂದ ಗಾಳಿಯಲ್ಲೇ. ಇನ್ನು ಭಾರತದ ಚರ್ಚುಗಳ ವಿಷಯಕ್ಕೆ ಬಂದರೆ, ಇಲ್ಲಿ ಬಣ್ಣದ ಜಾಗದಲ್ಲಿ ಜಾತಿ ಕೂತಿದೆ. ತಮಿಳುನಾಡಿನ ಕೆಲವು ಕಡೆ ದಲಿತ ಕ್ರೈಸ್ತರಿಗೆ ಸಮಾಧಿ ಜಾಗವೇ ಬೇರೆ. ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ 2016ರಲ್ಲಿ ದಲಿತ ಸಬಲೀಕರಣದ ನೀತಿ ಹೊರತಂದು, ಸಭೆಯೊಳಗೇ ತಾರತಮ್ಯ ಇದೆ ಅಂತ ಒಪ್ಪಿಕೊಂಡಿತು. 1950ರ ರಾಷ್ಟ್ರಪತಿ ಆದೇಶದಿಂದಾಗಿ ಈ ಜನರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವೂ ಇಲ್ಲ. ಸರ್ಕಾರದ ಬಾಗಿಲಲ್ಲೂ ಹೊರಗೆ, ಸ್ವಂತ ಸಭೆಯಲ್ಲೂ ಹಿಂದೆ. ಒಪ್ಪಿಕೊಂಡ ಮೇಲೆ ಯಾವ ಚರ್ಚು, ಯಾವ ಶಾಲೆ, ಯಾವ ಸೀಟು, ಎಷ್ಟು ಹಣ ಅನ್ನುವ ಲೆಕ್ಕಕ್ಕೆ ಇಳಿಯಬೇಕಲ್ವಾ?

ಅಮೆರಿಕದಲ್ಲಿ ಈಗ ಗಾಳಿ ತಿರುಗಿದೆ. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಬಂದ ಕೂಡಲೇ ಜನಾಂಗೀಯ ಸಮಾನತೆಯ ಕಾರ್ಯಕ್ರಮಗಳನ್ನು ಕೇಂದ್ರದಲ್ಲಿ ರದ್ದು ಮಾಡಿತು. ಬೇರೆ ದೇಶಗಳ ನಿರಾಶ್ರಿತರಿಗೆ ಬಾಗಿಲು ಹಾಕಿ, ದಕ್ಷಿಣ ಆಫ್ರಿಕಾದ ಬಿಳಿ ಆಫ್ರಿಕಾನರ್‌ಗಳನ್ನು ಮಾತ್ರ ಮುಂದೆ ಬಿಟ್ಟಿತು. ಅವರಿಗೆ ವಸತಿ ಮಾಡಿಕೊಡಿ ಅಂತ ಕೇಳಿದಾಗ ಎಪಿಸ್ಕೋಪಲ್ ಸಭೆ ಆ ಮೇ ತಿಂಗಳಲ್ಲಿ ಆಗುವುದಿಲ್ಲ ಅಂದಿತು, ಸರ್ಕಾರದ ಜೊತೆಗಿದ್ದ ಸುಮಾರು ನಾಲ್ಕು ದಶಕದ ನಿರಾಶ್ರಿತರ ಕೆಲಸವನ್ನೇ ಕೈಬಿಡಲು ಮುಂದಾಯಿತು. ಹೇಳಿಕೆಗಳ ಕಾಲದಲ್ಲಿ ಹೇಳಿಕೆ ಕೊಡುವುದು ಸುಲಭ. ಬೆಲೆ ತೆರಬೇಕಾದ ಕಾಲದಲ್ಲಿ ನಿಲ್ಲುವುದು ಬೇರೆ ಮಾತು.

ಮೆಮೋರಿಯಲ್ ಸಭೆಯ ಐದು ವರ್ಷದ ಲೆಕ್ಕ 2026ಕ್ಕೆ ಬರುತ್ತದೆ. ನಾನು ನೋಡಬೇಕೆಂದಿರುವುದು ಮೂರೇ ವಿಷಯ. ಹೇಳಿದ ಅಷ್ಟೂ ಹಣ ಹೋಯಿತಾ, ಮುಂದಿನ ಕಂತಿಗೆ ಸಭೆ ಮತ್ತೆ ಕೈ ಎತ್ತುತ್ತದಾ, ಹಂಚುವ ಮೇಜಿನ ಸುತ್ತ ಮೆಕ್‌ಕಲೋ ಸ್ಟ್ರೀಟ್ ಕಡೆಯವರು ಎಷ್ಟು ಜನ ಕೂತಿರುತ್ತಾರೆ.